ಸೈಕಲ್ಲಿನ ಮೇಲೆ ಹನ್ನೆರಡು ಹಗಲು, ಹನ್ನೆರಡು ಇರುಳು

ಮಂಗಳೂರಿನ ಹಂಪನಕಟ್ಟೆಯನ್ನು ಅರಿಯದವರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವಿರಳ. ನಗರದ ಬೀದಿಗಳು ಬಂದು ಕೂಡುವ ಈ ಎಡೆಯಿಂದ ಶಿರಾಡಿ ಘಾಟಿಯ ಮಾರ್ಗವಾಗಿ ಬೆಂಗಳೂರಿಗೆ ಸುಮಾರು 350 ಕಿಲೋಮೀಟರುಗಳ ದೂರ. ಒಬ್ಬ ತರುಣನು ಇಲ್ಲಿಂದ ಸೈಕಲ್ಲೇರಿ ಬೆಂಗಳೂರನ್ನು ಮುಟ್ಟುತ್ತಾನೆಂದು ಭಾವಿಸೋಣ. ಮುಟ್ಟಿದೊಡನೆಯೇ ಹಿಂದಿರುಗಿ ಹಂಪನಕಟ್ಟೆಗೆ ಬರುತ್ತಾನೆ; ಬಂದವನು ಮತ್ತೆ ಬೆಂಗಳೂರಿಗೆ ಹೊರಡುತ್ತಾನೆ. ಹೀಗೆ ಏಳು ಸಲ ಹೋಗಿ ಬಂದರೆ 4,900 ಕಿಲೋಮೀಟರುಗಳಾಗುತ್ತವೆ. ಇದೆಲ್ಲವನ್ನೂ ಹನ್ನೆರಡು ದಿನಗಳೊಳಗೆ ಮುಗಿಸಬೇಕೆಂದರೆ ಅದು ಮನುಷ್ಯಮಾತ್ರನಿಂದ ಸಾಧ್ಯವೇ?

ಸಾಧ್ಯವೆಂದು ತೋರಿಸುವ ಸ್ಪರ್ಧೆಯೊಂದುಂಟು. ‘ರೇಸ್ ಅಕ್ರಾಸ್ ಅಮೆರಿಕ’ ಎಂಬುದು ಅದರ ಹೆಸರು. ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯದಲ್ಲಿರುವ ಓಷನ್‌ಸೈಡ್ ಪಟ್ಟಣದಿಂದ ಹೊರಟು, ಪೂರ್ವ ತೀರವನ್ನು ಸೇರುವ ಈ ಹಾದಿಯ ಉದ್ದ ಹೆಚ್ಚುಕಡಿಮೆ ಮೇಲೆ ಹೇಳಿದಷ್ಟೇ. ಹಾದಿಯ ಏರುಗಳನ್ನೆಲ್ಲ ಕೂಡಿಸಿದರೆ 50,000 ಮೀಟರುಗಳನ್ನು ಮೀರುತ್ತದೆ. ಎಂದರೆ ಎವರೆಸ್ಟ್ ಶಿಖರದ ಎತ್ತರದ ಐದು ಪಟ್ಟಿಗೂ ಹೆಚ್ಚು. 1982ರಲ್ಲಿ ನಾಲ್ಕೇ ಮಂದಿ ಸವಾರರೊಡನೆ ಇದು ಆರಂಭವಾಯಿತು. 1903ರಲ್ಲಿ ಮೊದಲಾದ ಪ್ರಸಿದ್ಧ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಪ್ರತಿದಿನವೂ ಒಂದು ಹಂತ ಮುಗಿದ ಮೇಲೆ ಸವಾರರು ಉಂಡು ಮಲಗುತ್ತಾರೆ. ಮರುದಿನದವರೆಗೆ ಗಡಿಯಾರವೂ ಅವರಿಗಾಗಿ ಕಾಯುತ್ತದೆ. ಇಲ್ಲಿ ಹಾಗಲ್ಲ. ಹೊರಟ ಗಳಿಗೆಯಿಂದ ಕೊನೆಯವರೆಗೆ ಗಡಿಯಾರವು ನಿಲ್ಲುವುದೇ ಇಲ್ಲ. ಸವಾರನು ಮಲಗಿದರೂ ಸಮಯ ಓಡುತ್ತಲೇ ಇರುತ್ತದೆ.

ಬೆಂಗಳೂರಿನ ಸಮೀಮ್ ರಿಜ್ವಿಯವರು 2010ರಲ್ಲಿ ಈ ಸ್ಪರ್ಧೆಯಲ್ಲಿ ಏಕಾಂಗಿಯಾಗಿ ಭಾಗವಹಿಸಿದ ಮೊದಲ ಭಾರತೀಯರಾದರು. ಗೊತ್ತಾದ ಅವಧಿಯೊಳಗೆ ಗುರಿ ಮುಟ್ಟುವುದು ಅವರಿಗಾಗಲಿಲ್ಲ. ಭಾರತೀಯ ಸೇನೆಯ ವೈದ್ಯರಾದ ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ್ ಗೋಕುಲನಾಥರು 2016ರಲ್ಲಿ ಮೊದಲ ಸಲ ಸ್ಪರ್ಧಿಸಿ, ನಡುದಾರಿಯಲ್ಲಿ ನಿಲ್ಲಿಸಬೇಕಾಯಿತು. ಅವರೇ 2017ರಲ್ಲಿ ಮರಳಿ ಹೋಗಿ 11 ದಿನ 18 ಗಂಟೆ 45 ನಿಮಿಷಗಳಲ್ಲಿ ಹಾದಿಯನ್ನು ಮುಗಿಸಿ, ಏಕಾಂಗಿ ಸವಾರರಲ್ಲಿ ಏಳನೆಯವರಾದರು. ಈ ಸ್ಪರ್ಧೆಯನ್ನು ಒಂಟಿಯಾಗಿ ಪೂರೈಸಿದ ಮೊದಲ ಭಾರತೀಯರು ಅವರೇ. ಅವರ ಬೆನ್ನಿಗೇ, ಎರಡೂವರೆ ಗಂಟೆಗಳಷ್ಟು ಅಂತರದಲ್ಲಿ, ನಾಗಪುರದ ವೈದ್ಯ ಅಮಿತ್ ಸಮರ್ಥರೂ ಗುರಿ ಸೇರಿದರು. ಇವರಾರೂ ಸೈಕಲ್ ತುಳಿಯುವುದರಿಂದಲೇ ಹೊಟ್ಟೆ ಹೊರೆಯುವ ವೃತ್ತಿಪರ ಸವಾರರಲ್ಲ.

ಮೊದಲ ಪ್ರಯತ್ನಕ್ಕೂ ಮೊದಲ ಸಫಲತೆಗೂ ನಡುವೆ ಏಳು ವರ್ಷಗಳು ಸಂದವು. ಧೈರ್ಯವು ಆಗಲೂ ಇದ್ದಿತು, ಈಗಲೂ ಇದ್ದಿತು. ಹಾಗಾದರೆ ಇಂಥ ಸ್ಪರ್ಧೆಯು ನಿಜವಾಗಿ ಪರೀಕ್ಷಿಸುವುದು ಯಾವುದನ್ನು? ವೇಗವನ್ನಂತೂ ಅಲ್ಲ. ಗೋಕುಲನಾಥರ ಒಟ್ಟು ಕಾಲವನ್ನು ದೂರಕ್ಕೆ ಭಾಗಿಸಿ ನೋಡಿರಿ. ಗಂಟೆಗೆ ಸುಮಾರು 17 ಕಿಲೋಮೀಟರುಗಳ ವೇಗ ದೊರೆಯುತ್ತದೆ. ಕಾಲೇಜಿನ ಘಂಟೆ ಬಾರಿಸುವ ಮೊದಲು ತಲಪಲು ಅವಸರಪಡುವ ಯಾವ ವಿದ್ಯಾರ್ಥಿಯಾದರೂ ಸಮತಟ್ಟು ರಸ್ತೆಯಲ್ಲಿ ಈ ವೇಗವನ್ನು ಮುಟ್ಟಬಲ್ಲನು. ಆದರೆ ಅದನ್ನು ಹನ್ನೆರಡು ದಿನ ಕಾಯ್ದುಕೊಳ್ಳಬೇಕಾದರೆ ದೇಹದ ಆಯವ್ಯಯವನ್ನು ಒಬ್ಬ ಜಾಣ ಲೆಕ್ಕಿಗನಂತೆ ನೋಡಿಕೊಳ್ಳಬೇಕು. ಆ ಲೆಕ್ಕವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಶಕ್ತಿಯ ಲೆಕ್ಕ. ದಿನಕ್ಕೆ ಮೂರು ಗಂಟೆಗಳನ್ನು ವಿಶ್ರಾಂತಿಗೆ ಬಿಟ್ಟು, ಉಳಿದ 21 ಗಂಟೆಗಳೂ ಸರಾಸರಿ 120 ವಾಟ್ ಸಾಮರ್ಥ್ಯದಿಂದ ಒಬ್ಬನು ತುಳಿಯುತ್ತಾನೆನ್ನೋಣ. ಅವನು ಮಾಡಿದ ಕೆಲಸ ಸುಮಾರು 2,170 ಕಿಲೋಕ್ಯಾಲರಿಗಳಿಗೆ ಸಮ. ಆದರೆ ನಮ್ಮ ಸ್ನಾಯುಗಳು ತಾವು ಉರಿಸುವ ಆಹಾರದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲನ್ನೂ ಪೂರ್ತಿಯಾಗಿ ಕೆಲಸವನ್ನಾಗಿ ಮಾರ್ಪಡಿಸಲಾರವು. ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ಆದುದರಿಂದ ದಿನವೊಂದಕ್ಕೆ ಸುಮಾರು 9,400 ಕಿಲೋಕ್ಯಾಲರಿಗಳು ವೆಚ್ಚವಾಗುತ್ತವೆ. ಸಾಧಾರಣ ಮನುಷ್ಯನೊಬ್ಬನ ಮೂರು ನಾಲ್ಕು ದಿನಗಳ ಊಟ ಇದು!

ಇಷ್ಟನ್ನು ತಿಂದರಾಯಿತಲ್ಲವೇ ಎಂದು ಕೇಳಬಹುದು. ಅಡ್ಡಿಯಿರುವುದು ಬಾಯಿಯಲ್ಲಲ್ಲ, ಕರುಳಿನಲ್ಲಿ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಶ್ರಮದ ವೇಳೆಯಲ್ಲಿ ಗಂಟೆಗೆ 60 ಗ್ರಾಂಗಳಷ್ಟನ್ನು ದೇಹವು ಬಳಸಿಕೊಳ್ಳಬಲ್ಲುದು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನೂ ಬೆರೆಸಿದರೆ, ಅದು ಕರುಳಿನ ಬೇರೊಂದು ದ್ವಾರದ ಮೂಲಕ ಒಳಸೇರುವುದರಿಂದ, 90 ಗ್ರಾಂಗಳವರೆಗೆ ಹೋಗಬಹುದು. ಗ್ರಾಮಿಗೆ ನಾಲ್ಕು ಕಿಲೋಕ್ಯಾಲರಿಯಂತೆ 21 ಗಂಟೆಗಳಿಗೆ ಸುಮಾರು 7,560 ಕಿಲೋಕ್ಯಾಲರಿಗಳಾದವು. ಉಳಿದ ಕೊರತೆಯನ್ನು ಮೈಯ ಕೊಬ್ಬು ತುಂಬಬೇಕು. ತೆಳ್ಳನೆಯ ಸವಾರನಲ್ಲಿಯೂ ಕೊಬ್ಬಿನ ಉಗ್ರಾಣ ದೊಡ್ಡದೇ. ಆದರೆ ಅದರ ಬಾಗಿಲು ಕಿರಿದು. ನಿಧಾನವಾದ ಶ್ರಮಕ್ಕೆ ಮಾತ್ರ ಅದು ಸಾಕಷ್ಟು ಒದಗುತ್ತದೆ. ರಭಸದ ಶ್ರಮಕ್ಕೆ ಸ್ನಾಯು ಮತ್ತು ಯಕೃತ್ತುಗಳಲ್ಲಿ ಕೂಡಿಟ್ಟ ಗ್ಲೈಕೊಜನ್ನೇ ಬೇಕು. ಅದಾದರೋ ಒಟ್ಟು 400–500 ಗ್ರಾಂ. ಎರಡು ಸಾವಿರ ಕಿಲೋಕ್ಯಾಲರಿಗಳನ್ನು ದಾಟದು.

ಮೊದಲ ಸಲ ಸ್ಪರ್ಧಿಸುವವನಿಗೆ ಅಪಾಯವಿರುವುದು ಇಲ್ಲಿಯೇ. ಪರದೇಶ, ಹೊಸ ಉತ್ಸಾಹ, ಮುಂದೆ ಸಾಗುತ್ತಿರುವ ಇತರ ಸವಾರರು. ಇವೆಲ್ಲ ಅವನನ್ನು ಗಂಟೆಗೆ 20ರ ಬದಲು 25 ಕಿಲೋಮೀಟರುಗಳ ವೇಗಕ್ಕೆ ಸೆಳೆಯುತ್ತವೆ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾಗುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗವು ಕಾಲುಪಾಲು ಹೆಚ್ಚಿದರೆ ಗಾಳಿಗೆ ತೆರಬೇಕಾದ ಸುಂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗುಂಪಿನಲ್ಲಿ ಓಡುವ ಪಂದ್ಯಗಳಲ್ಲಿ ಮುಂದಿನವನ ಮರೆಯಲ್ಲಿ ಸಾಗಿ ಈ ಸುಂಕವನ್ನು ತಪ್ಪಿಸಿಕೊಳ್ಳಬಹುದು. ಇಲ್ಲಿ ಒಂಟಿ ಸವಾರರು ಹಾಗೆ ಮಾಡುವುದು ನಿಷಿದ್ಧ. ಮೊದಲ ದಿನ ಗಳಿಸಿದ ಒಂದು ಗಂಟೆಗಾಗಿ ನಾಲ್ಕನೆಯ ದಿನ ಐದು ಗಂಟೆಗಳನ್ನು ಕಳೆದುಕೊಳ್ಳುವುದು ಹೀಗೆ.

ಎರಡನೆಯದು ನೀರಿನ ಲೆಕ್ಕ. ಸ್ಪರ್ಧೆ ನಡೆಯುವುದು ಜೂನ್ ತಿಂಗಳಿನಲ್ಲಿ. ಆಗ ಮಂಗಳೂರಿನಲ್ಲಿ ಮುಂಗಾರು ಮಳೆ. ಗಾಳಿಯೆಲ್ಲ ನೀರಾವಿಯಿಂದ ತುಂಬಿರುತ್ತದೆ. ಮೈಯಿಂದ ಹೊರಟ ಬೆವರು ಆವಿಯಾಗಲಾರದೆ ತೊಟ್ಟಿಕ್ಕುತ್ತದೆ, ಅಂಗಿ ತೊಯ್ಯುತ್ತದೆ. ಬೆವರುತ್ತಿದ್ದೇನೆಂಬುದು ಸವಾರನಿಗೆ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದರೂ ಗಾಳಿ ಒಣಗಿರುವುದರಿಂದ ಬೆವರು ಹುಟ್ಟಿದೊಡನೆ ಆರಿಹೋಗುತ್ತದೆ. ಒಂದು ಲೀಟರು ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುವುದರಿಂದ ಇದು ದೇಹಕ್ಕೆ ಉಪಕಾರವೇ. ಆದರೆ ಒಣಗಿದ ಚರ್ಮವನ್ನು ಕಂಡು ಬೆವರಿಲ್ಲವೆಂದು ಬಗೆಯುವ ಕರಾವಳಿಯವನು ನೀರು ಕುಡಿಯುವುದನ್ನು ಮರೆತಾನು. ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಮಂಕು, ಕೊನೆಗೆ ಪ್ರಾಣಾಪಾಯವೇ ಒದಗಬಹುದು. ಗದ್ದೆಯ ಕೆಲಸದಿಂದ ಬಂದವರಿಗೆ ನಮ್ಮ ಹಿರಿಯರು ಉಪ್ಪು ಬೆರೆಸಿದ ಗಂಜಿಯ ತಿಳಿಯನ್ನು ಕೊಡುತ್ತಿದ್ದುದು ಶರೀರಶಾಸ್ತ್ರಕ್ಕೆ ಸಮ್ಮತವಾದ ಪದ್ಧತಿ.

ಮೂರನೆಯದು ಎತ್ತರದ ಲೆಕ್ಕ. ಮರುಭೂಮಿಯನ್ನು ದಾಟಿದ ಸವಾರನು ರಾಕಿ ಪರ್ವತಗಳನ್ನೇರಬೇಕು. ಕೊಲರಾಡೋ ಪ್ರಾಂತದ ವುಲ್ಫ್ ಕ್ರೀಕ್ ಕಣಿವೆಮಾರ್ಗವು ಸಮುದ್ರಮಟ್ಟದಿಂದ ಸುಮಾರು 3,300 ಮೀಟರು ಮೇಲಿದೆ. ಅಲ್ಲಿ ವಾಯುವಿನ ಒತ್ತಡವು ಕಡಲತಡಿಯ ಒತ್ತಡದ ಮೂರರಲ್ಲಿ ಎರಡು ಪಾಲು ಮಾತ್ರ. ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅಷ್ಟಕ್ಕೇ ಇಳಿಯುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ಎರಡು ಸಾವಿರ ಮೀಟರನ್ನು ಮುಟ್ಟದು. ಚಾರ್ಮಾಡಿ, ಶಿರಾಡಿಗಳನ್ನು ಎಷ್ಟು ಸಲ ಏರಿದರೂ ಕಾಲಿಗೆ ಬಲ ಬಂದೀತೇ ಹೊರತು, ಆ ತೆಳುಗಾಳಿಯ ಪರಿಚಯವಾಗದು.

ನಾಲ್ಕನೆಯದು, ಎಲ್ಲಕ್ಕಿಂತ ಕಠಿನವಾದದ್ದು, ನಿದ್ರೆಯ ಲೆಕ್ಕ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗಿ ನಿದ್ರೆಯನ್ನು ಒತ್ತಾಯಿಸುತ್ತದೆ. ನಿದ್ರೆಯೊಂದೇ ಅದನ್ನು ಕರಗಿಸಬಲ್ಲುದು. ಇದರ ಜೊತೆಗೆ ದೇಹದೊಳಗಿನ ಗಡಿಯಾರವೂ ಒಂದುಂಟು. ಜೂನ್ ತಿಂಗಳಿನಲ್ಲಿ ಹಂಪನಕಟ್ಟೆಯಲ್ಲಿ ಸಂಜೆ ಆರೂವರೆಯಾದಾಗ ಕ್ಯಾಲಿಫೋರ್ನಿಯದಲ್ಲಿ ಬೆಳಗಿನ ಆರು ಗಂಟೆ. ಈ ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲುದು. ಆದುದರಿಂದ ಭಾರತದ ಸವಾರನು ಹತ್ತು ಹನ್ನೆರಡು ದಿನ ಮುಂಚಿತವಾಗಿ ಅಲ್ಲಿಗೆ ಹೋಗದಿದ್ದರೆ, ಪರರ ಹಗಲಿನಲ್ಲಿ ತನ್ನ ಇರುಳನ್ನು ಹೊತ್ತುಕೊಂಡೇ ಹೊರಡಬೇಕಾಗುತ್ತದೆ. ಶಾಖಕ್ಕೆ ದೇಹ ಒಗ್ಗಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಇಷ್ಟೇ ದಿನಗಳು ಬೇಕೆಂಬುದು ಗಮನಾರ್ಹ. ನಿದ್ರೆಗೆಟ್ಟವರಿಗೆ ರಸ್ತೆಯ ಮೇಲೆ ಇಲ್ಲದ ಮೃಗಗಳೂ ಮನುಷ್ಯರೂ ಕಾಣುವುದುಂಟು. ಮೊದಲ ಸ್ಪರ್ಧೆಯ ನಾಲ್ವರಲ್ಲೊಬ್ಬರಾದ ಮೈಕೆಲ್ ಶರ್ಮರ್ ಅವರ ಹೆಸರು ಇಂದು ಒಂದು ತೊಂದರೆಗೇ ಅಂಟಿಕೊಂಡಿದೆ: ಕತ್ತಿನ ಹಿಂದಿನ ಸ್ನಾಯುಗಳು ದಣಿದು, ನಾಲ್ಕೈದು ಕಿಲೋಗ್ರಾಂ ತೂಗುವ ತಲೆಯನ್ನು ಎತ್ತಿಹಿಡಿಯಲಾರದೆ ಹೋಗುವುದಕ್ಕೆ ‘ಶರ್ಮರ್ ಕತ್ತು’ ಎನ್ನುತ್ತಾರೆ. ಕಾಲು ಸೋಲದಿದ್ದರೂ ಕತ್ತು ಸೋತವನು ಮುಂದೆ ಹೋಗಲಾರನು.

ಈ ನಾಲ್ಕು ಲೆಕ್ಕಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ನೀರು ಕಡಿಮೆಯಾದರೆ ಕರುಳು ಆಹಾರವನ್ನು ಒಲ್ಲದು. ಆಹಾರವಿಲ್ಲದೆ ವೇಗ ತಗ್ಗುತ್ತದೆ. ತಗ್ಗಿದ ವೇಗವನ್ನು ಸರಿದೂಗಿಸಲು ನಿದ್ರೆಯನ್ನು ಕಡಿಯಬೇಕಾಗುತ್ತದೆ. ನಿದ್ರೆಗೆಟ್ಟವನು ನೀರು ಕುಡಿಯುವುದನ್ನೇ ಮರೆಯುತ್ತಾನೆ. ಸವಾರನ ಬುದ್ಧಿ ಮಂಕಾದಾಗ ಲೆಕ್ಕವಿಡಲೆಂದೇ ಸಹಾಯಕರ ತಂಡವೊಂದು ಹಿಂದೆ ವಾಹನದಲ್ಲಿ ಬರುತ್ತದೆ. ಒಂಟಿ ಸ್ಪರ್ಧೆಯೆಂಬುದು ಹೆಸರಿಗೆ ಮಾತ್ರ ಒಂಟಿ. ಗೋಕುಲನಾಥರು ವೈಮಾನಿಕರ ದೇಹಸ್ಥಿತಿಯನ್ನು ಅಭ್ಯಸಿಸುವ ವೈದ್ಯಶಾಖೆಯ ತಜ್ಞರು. ಎತ್ತರ, ಶಾಖ, ದಣಿವುಗಳು ಅವರ ಪಾಠದ ವಿಷಯಗಳೇ. ಅಂಥವರಿಗೂ ಮೊದಲ ಸಲ ಹಾದಿ ಮುಗಿಯಲಿಲ್ಲವೆಂಬುದು ಪುಸ್ತಕದ ಅರಿವಿಗೂ ಮೈಯ ಅನುಭವಕ್ಕೂ ಇರುವ ದೂರವನ್ನು ತೋರಿಸುತ್ತದೆ. ಎರಡನೆಯ ಸಲ ಮುಗಿಯಿತೆಂಬುದು ಆ ದೂರವನ್ನು ಕ್ರಮಿಸಬಹುದೆಂಬುದನ್ನೂ ತೋರಿಸುತ್ತದೆ.

ಈ ಶಾಸ್ತ್ರದ ಮೊದಲ ಪಾಠವನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಒಂದು ಗಂಟೆ ಸೈಕಲ್ ತುಳಿಯುವ ಮೊದಲು ಮತ್ತು ಅನಂತರ, ಮೈ ಒರಸಿಕೊಂಡು, ತೂಕ ನೋಡಿಕೊಳ್ಳಿರಿ. ನಡುವೆ ಕುಡಿದ ನೀರಿನ ತೂಕವನ್ನು ಕಳೆದುಹೋದ ತೂಕಕ್ಕೆ ಕೂಡಿಸಿರಿ. ಬಂದ ಮೊತ್ತದಲ್ಲಿ ಪ್ರತಿಯೊಂದು ಕಿಲೋಗ್ರಾಮೂ ಸರಿಸುಮಾರು ಒಂದು ಲೀಟರು ಬೆವರಿಗೆ ಸಮ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿರಿ; ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಮತ್ತೆ ಅಳೆದು ಹೋಲಿಸಿರಿ. ದೂರದ ಹಾದಿಗೆ ಹೊರಡುವವನು ತನ್ನ ಸೈಕಲ್ಲಿನ ಸರಪಳಿಯನ್ನು ಬಲ್ಲಷ್ಟೇ ಚೆನ್ನಾಗಿ ತನ್ನ ಮೈಯನ್ನೂ ಬಲ್ಲವನಾಗಿರಬೇಕು.