ಚುಕ್ಕಿಗಳಿಂದಾದ ಅಕ್ಷರಗಳು

ಕೇರಳದ ಸರಕಾರೀ ಶಾಲೆಗಳ ಗಣಕಯಂತ್ರಗಳಲ್ಲಿ ಲಿನಕ್ಸ್ ವ್ಯವಸ್ಥೆಯು ಬಳಕೆಯಲ್ಲಿರುವುದು ಗಡಿನಾಡಿನ ನಮ್ಮ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಕಳೆದ ವರ್ಷ ವಿದ್ಯಾರ್ಥಿಯೊಬ್ಬನು ಕನ್ಸೋಲ್ ಎಂಬ ಅದರ ಕಪ್ಪು ತೆರೆಯಲ್ಲಿ ಕನ್ನಡ ಹೆಸರಿನ ಕಡತವನ್ನು ಹುಡುಕಿದಾಗ, ಅಕ್ಷರಗಳಿಗೆ ಬದಲಾಗಿ ಒಂದೇ ತೆರನಾದ ಗುರುತುಗಳ ಸಾಲು ಕಂಡಿತು. “ಈ ಯಂತ್ರಕ್ಕೆ ಕನ್ನಡ ಬಾರದೇ, ಸರ್?” ಎಂದನು. ಹೊಸ ಫಾಂಟು ಹಾಕಿದರೆ ಸರಿಹೋದೀತೆಂದು ಉತ್ತರಿಸಿದೆವು. ಆ ಉತ್ತರ ತಪ್ಪಾಗಿತ್ತು. ಅದನ್ನು ತಿದ್ದುವುದೇ ಈ ಲೇಖನದ ಉದ್ದೇಶ.

ಗಣಿತದ ಚೌಕುಳಿ ಹಾಳೆಯಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 16 ಮನೆಗಳನ್ನು ಗುರುತಿಸಿ, ತಕ್ಕ ಮನೆಗಳಿಗೆ ಮಸಿ ತುಂಬಿದರೆ ಅಕ್ಷರವೊಂದು ಮೂಡುತ್ತದೆ. ಹೀಗೆ ರಚಿತವಾದ ಅಕ್ಷರಗಳ ಸಮೂಹವೇ ಬಿಟ್‌ಮ್ಯಾಪ್ ಫಾಂಟು. ಮಸಿಯ ಮನೆಗೆ 1, ಬರಿಯ ಮನೆಗೆ 0. ಒಂದು ಸಾಲು 00111100 ಎಂದಿದ್ದರೆ ಅದರ ಬೆಲೆ 32+16+8+4, ಅಂದರೆ 60. ಸಾಲಿಗೊಂದು ಬೈಟಿನಂತೆ ಅಕ್ಷರಕ್ಕೆ 16 ಬೈಟು. 256 ಅಕ್ಷರಗಳಿಗೆ 4096 ಬೈಟು ಮಾತ್ರ. ಸಣ್ಣ ಗಾತ್ರದಲ್ಲಿ ಇವು ಬಹು ಸ್ಪಷ್ಟ. ಹಿಗ್ಗಿಸಿದರೆ ಅಂಚುಗಳು ಮೆಟ್ಟಿಲುಗಳಂತಾಗುವುದು ಇವುಗಳ ದೋಷ.

ಇಂತಹ ಫಾಂಟಿನ ಮೂಲರೂಪವು ಸಾಮಾನ್ಯವಾಗಿ ಬಿ.ಡಿ.ಎಫ್. ಕಡತ. ಅದು ಬರಿಯ ಪಠ್ಯವಾದುದರಿಂದ ಯಾರೂ ತೆರೆದು ಓದಬಹುದು. ಆದರೆ ಕಿಟಕಿಗಳುಳ್ಳ ತೆರೆಯಲ್ಲಿ ಅಕ್ಷರ ಜೋಡಿಸುವ ಪ್ಯಾಂಗೋ ಎಂಬ ತಂತ್ರಾಂಶವು 2019ರಲ್ಲಿ ಬಂದ 1.44ನೆಯ ಆವೃತ್ತಿಯಿಂದ ಈ ರೂಪವನ್ನು ಸ್ವೀಕರಿಸುತ್ತಿಲ್ಲ. ಆದ್ದರಿಂದ ಫಾಂಟ್‌ಫೋರ್ಜ್ ತಂತ್ರಾಂಶದ ಮೂಲಕ ಅದನ್ನು ಓ.ಟಿ.ಬಿ. ರೂಪಕ್ಕೆ ಪರಿವರ್ತಿಸಬೇಕು. ಚುಕ್ಕಿಗಳು ಬದಲಾಗವು, ಹೊರಗಿನ ಪೆಟ್ಟಿಗೆ ಮಾತ್ರ ಬದಲಾಗುತ್ತದೆ. ಬಳಿಕ ಅದನ್ನು ನಮ್ಮ ಫಾಂಟುಗಳ ಕೋಶದಲ್ಲಿರಿಸಿ ‘ಎಫ್‌ಸಿ-ಕ್ಯಾಶ್’ ಆಜ್ಞೆ ಕೊಟ್ಟರಾಯಿತು. ಕೆಲವು ವ್ಯವಸ್ಥೆಗಳಲ್ಲಿ ಬಿಟ್‌ಮ್ಯಾಪ್ ಫಾಂಟುಗಳನ್ನು ತಡೆಯುವ ನಿಯಮವಿರುವುದುಂಟು. ಅದನ್ನು ಮೊದಲು ಸಡಿಲಿಸಬೇಕು. ಮೂಲ ಕಡತವನ್ನು ಎಂದಿಗೂ ಅಳಿಸಬಾರದು.

ಕನ್ಸೋಲಿಗೆ ಬೇಕಾದುದು ಪಿ.ಎಸ್.ಎಫ್. ರೂಪ. ‘ಬಿಡಿಎಫ್‌ಟುಪಿಎಸ್‌ಎಫ್’ ಎಂಬ ಸಾಧನದಿಂದ ಪರಿವರ್ತಿಸಿ, ‘ಸೆಟ್‌ಫಾಂಟ್’ ಆಜ್ಞೆಯಿಂದ ತೊಡಿಸಿ ನೋಡಬಹುದು. ಯಂತ್ರವನ್ನು ಆರಿಸಿದರೆ ಅದು ಹೋಗುತ್ತದೆ. ಆದುದರಿಂದ ಪರೀಕ್ಷೆಗೆ ಅಂಜಬೇಕಾಗಿಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಎಡೆಯುಂಟು. ನಮ್ಮ 34 ವ್ಯಂಜನಗಳಿಗೆ ‘ಕ’ದಿಂದ ‘ಕಃ’ವರೆಗಿನಂತೆ 15 ಗುಣಿತಾಕ್ಷರಗಳನ್ನು ಬರೆದರೆ 510 ಆದುವು! ಸ್ವರಗಳಿಗೂ ಅಂಕಿಗಳಿಗೂ ಸ್ಥಳವೆಲ್ಲಿ? ಒತ್ತಕ್ಷರಗಳನ್ನಂತೂ ನಾವಿನ್ನೂ ಎಣಿಸಿಯೇ ಇಲ್ಲ. ‘ಸ್ತ್ರೀ’ ಎಂಬಲ್ಲಿ ಆರು ಸಂಕೇತಗಳು ಕೂಡಿ ಒಂದೇ ಅಕ್ಷರವಾಗುತ್ತವೆ. ಮನೆಗೊಂದು ಆಕೃತಿಯಿಡುವ ಕನ್ಸೋಲು ಹೀಗೆ ಕೂಡಿಸಿ ಬರೆಯಲರಿಯದು. ಆ ಕೌಶಲವು ಕಿಟಕಿಗಳುಳ್ಳ ತೆರೆಯಲ್ಲಿದೆ. ಅಲ್ಲಿ ಲೋಹಿತ್ ಕನ್ನಡ ಅಥವಾ ನೋಟೋ ಸ್ಯಾನ್ಸ್ ಕನ್ನಡ ಫಾಂಟಿದ್ದರೆ ಅದೇ ಕಡತದ ಹೆಸರು ಸ್ವಚ್ಛವಾಗಿ ಕಾಣುತ್ತದೆ.

ಯಂತ್ರಕ್ಕೆ ಕನ್ನಡ ಬಾರದೆಂದಲ್ಲ; ಆ ಕಪ್ಪು ತೆರೆಗೆ ಒತ್ತಕ್ಷರ ಕಲಿಸಿದವರಿಲ್ಲ, ಅಷ್ಟೆ. ಕಡತದೊಳಗಿನ ಕನ್ನಡ ಕೆಟ್ಟಿರುವುದಿಲ್ಲ. ಆದುದರಿಂದ ಗುರುತುಗಳ ಸಾಲನ್ನು ಕಂಡು ಕನ್ನಡ ಹೆಸರನ್ನು ಅಳಿಸಿ ಇಂಗ್ಲಿಷಿನಲ್ಲಿ ಬರೆಯುವ ಆತುರ ಬೇಡವೆಂದು ಮಕ್ಕಳಲ್ಲಿಯೂ ಪೋಷಕರಲ್ಲಿಯೂ ವಿನಂತಿಸುತ್ತೇವೆ.