ನಲ್ಲಿ ಬಂತು, ನೀರು ನಿಂತೀತೆ?

ಮನೆಯ ಮುಂದೆ ನಲ್ಲಿ ಹಾಕಿಸುವುದಕ್ಕೆ ಹಣ ಒಂದು ಸಲ ದೊರೆತರೆ ಸಾಕು. ಅದರಲ್ಲಿ ನೀರು ತಪ್ಪದೆ ಬರುವುದಕ್ಕೆ ಪ್ರತಿ ತಿಂಗಳೂ ಬೇಕು. ಮೊದಲನೆಯದಕ್ಕೆ ಶಂಕುಸ್ಥಾಪನೆ, ಹಾರ, ಭಾಷಣ ಎಲ್ಲವೂ ಉಂಟು. ಎರಡನೆಯದನ್ನು ಕೇಳುವವರು ಕಡಮೆ. ನಮ್ಮ ಊರುಗಳ ನೀರಿನ ತೊಂದರೆಯಲ್ಲಿ ಬಹುಪಾಲು ಈ ಮರೆವಿನಿಂದ ಹುಟ್ಟಿದುದು.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಕಡೆಯ ಸೀಮೆಯನ್ನೇ ನೋಡಿರಿ. ಹಿಪ್ಪುನೇರಳೆಯನ್ನೂ ರೇಷ್ಮೆಹುಳುವನ್ನೂ ನಂಬಿ ಬಾಳುವ ನಾಡು ಇದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ನಂದಿಯ ಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟುತ್ತವೆಂದು ಮಕ್ಕಳು ಭೂಗೋಳದಲ್ಲಿ ಓದುತ್ತಾರೆ. ಆದರೆ ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಹಿಂದಿನವರು ಕೆರೆ ಕಟ್ಟಿಕೊಂಡು ಬದುಕಿದರು. ಅನಂತರ ಬಂದ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ದಾಟಿ ಇಳಿದವು. ಆಳದ ನೀರಿನೊಡನೆ ಅನೇಕ ಕಡೆ ಫ್ಲೋರೈಡ್ ಕೂಡ ಮೇಲೆ ಬಂದಿತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳು ಬಿಗಿಯುತ್ತವೆ.

ಕೆರೆಯ ಕಾಲದಲ್ಲಿಯೂ ಗುತ್ತಿಗೆ ಎಂಬುದು ಇತ್ತು. ಕೆರೆ ಕಟ್ಟಿಸಿದವನಿಗೆ, ಅದನ್ನು ಜೀರ್ಣೋದ್ಧಾರ ಮಾಡಿದವನಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು; ನಮ್ಮ ಶಾಸನಗಳಲ್ಲಿ ಇದಕ್ಕೆ ಕಟ್ಟುಕೊಡಗೆ ಎಂದು ಹೆಸರು. ಆ ಭೂಮಿ ಕೆರೆಯ ಕೆಳಗೇ ಇದ್ದರೆ, ಏರಿ ಒಡೆದಾಗ ಮೊದಲು ಒಣಗುತ್ತಿದ್ದುದು ಕಟ್ಟಿದವನ ಗದ್ದೆಯೇ! ತೂಬು ಎತ್ತಿ ನೀರು ಹಂಚುವ ನೀರಗಂಟಿಗೂ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಬೆಳೆ ಬಂದರೆ ಅವನಿಗೂ ಪಾಲು. ಬಾರದಿದ್ದರೆ ಅವನ ಮೊರವೂ ಬರಿದು. ಆ ಏರ್ಪಾಡಿನಲ್ಲಿ ಮೇಲುಕೀಳಿನ ದೋಷಗಳಿದ್ದುದು ನಿಜ. ಆದರೂ ದುಡಿದವನ ಪ್ರತಿಫಲ ನೀರಿಗೇ ಕಟ್ಟುಬಿದ್ದಿತ್ತು.

ಈಗಿನ ಸಾಮಾನ್ಯ ಗುತ್ತಿಗೆ ಹಾಗಲ್ಲ. ಇಷ್ಟು ಮೀಟರು ಕೊಳವೆ ಹೂಳಿದರೆ ಇಷ್ಟು, ಇಂಥ ಅಳತೆಯ ತೊಟ್ಟಿ ಕಟ್ಟಿದರೆ ಇಷ್ಟು ಎಂದು ಬಿಲ್ಲು. ದೋಷ ಸರಿಪಡಿಸುವ ಅವಧಿ ಮುಗಿದೊಡನೆ ಕಂಟ್ರಾಕ್ಟರು ದೂರವಾಗುತ್ತಾನೆ. ಕೊಳವೆ ಸೋರಿದರೂ ಪಂಪು ಸುಟ್ಟರೂ ಅದು ಪಂಚಾಯಿತಿಯ ಅಥವಾ ಪುರಸಭೆಯ ಪಾಡು.

ಈ ಪದ್ಧತಿಯನ್ನು ತಿದ್ದುವ ಒಂದು ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆಯಿತು. 2004ರಲ್ಲಿ ವಿಶ್ವಬ್ಯಾಂಕಿನ ಸಾಲ ಮಂಜೂರಾದ ಮೇಲೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳನ್ನು ಆರಿಸಿ ವೆಯೋಲಿಯಾ ಎಂಬ ಫ್ರೆಂಚ್ ಸಂಸ್ಥೆಗೆ ಕೆಲಸ ವಹಿಸಿದರು. ಬಂಡವಾಳ ಸಂಸ್ಥೆಯದಲ್ಲ, ಕೊಳವೆಗಳ ಒಡೆತನವೂ ಅದರದಲ್ಲ. ಕೊಳವೆ ಹಾಕಿಸಿದ ಮೇಲೆ ಎರಡು ವರ್ಷ ತಾನೇ ನಡೆಸಿ ತೋರಿಸಬೇಕು. ಸಂಭಾವನೆಯ ಒಂದು ಪಾಲು ಕೆಲಸದ ಫಲವನ್ನು ನೋಡಿಯೇ ಸಲ್ಲಬೇಕು ಎಂಬುದು ಕರಾರು. ನಾಲ್ಕಾರು ದಿನಕ್ಕೊಮ್ಮೆ ನೀರು ಹಿಡಿಯುತ್ತಿದ್ದ ಆ ಬಡಾವಣೆಗಳಲ್ಲಿ 2008ರ ಹೊತ್ತಿಗೆ ಹಗಲಿರುಳೂ ನೀರು ಬಂದಿತು. ಇದು ಬರಿಯ ಅನುಕೂಲದ ಮಾತಲ್ಲ. ಬರಿದಾದ ಕೊಳವೆ ಸುತ್ತಲಿನ ಕೊಳಕನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒತ್ತಡದಿಂದ ತುಂಬಿದ ಕೊಳವೆಯೊಳಕ್ಕೆ ಅದು ನುಗ್ಗಲಾರದು.

ಆದರೆ ಈ ಭಾಗ್ಯ ಆಯ್ದ ಬಡಾವಣೆಗಳಿಗೆ ಮಾತ್ರ. ಪಕ್ಕದ ಬೀದಿಯವರು ಬಿಂದಿಗೆಗಳನ್ನು ಸಾಲಾಗಿಟ್ಟು ಕಾಯಬೇಕಾಯಿತು. ಪೂರ್ಣ ನಗರಗಳಿಗೆ ಅದನ್ನು ವಿಸ್ತರಿಸುವ ಸಾಲ ಮಂಜೂರಾಗಲು 2016 ಬರಬೇಕಾಯಿತು.

ಹಣ ಕೂಡಿಸುವ ಇನ್ನೊಂದು ದಾರಿಯನ್ನು ಬೆಂಗಳೂರಿನ ಸುತ್ತಲಿನ ಎಂಟು ಪಟ್ಟಣಗಳು ತೋರಿಸಿದವು. ಒಂದೊಂದಾಗಿ ಮಾರುಕಟ್ಟೆಗೆ ಹೋಗಿದ್ದರೆ ಅವುಗಳ ಕೈಗೆ ಸಾಲ ಹುಟ್ಟುವುದು ಕಷ್ಟ. 2005ರಲ್ಲಿ ಯಲಹಂಕ, ಕೃಷ್ಣರಾಜಪುರ, ಕೆಂಗೇರಿ ಮೊದಲಾದ ಈ ಊರುಗಳ ಪರವಾಗಿ ಒಂದೇ ನಿಧಿಯ ಮೂಲಕ 100 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರಡಿಸಿದರು. ಒಂಟಿ ಕಡ್ಡಿ ಮುರಿದೀತು, ಕಟ್ಟು ಮುರಿಯದು ಎಂಬ ಲೆಕ್ಕ ಅದು. ಆದರೆ ನೀರು ಬರುವ ಮೊದಲೇ ಮನೆಮನೆಯಿಂದ ವಂತಿಗೆ ಕೇಳಿದಾಗ ಜನ ಗೊಣಗದೆ ಇರಲಿಲ್ಲ.

ಸಾದಲಿಯಂಥ ಹಳ್ಳಿಗಳಿಗೆ ದಾರಿ ಬೇರೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರು ನೀರಿನ ಗುರಿ. ಕರ್ನಾಟಕದಲ್ಲಿ ಕೇಂದ್ರವೂ ರಾಜ್ಯವೂ ಸಮಪಾಲು ಹೊರುವುದೆಂದೂ, ಊರೊಳಗಿನ ಕಾಮಗಾರಿಗೆ ಗ್ರಾಮಸ್ಥರು ಸಾಮಾನ್ಯವಾಗಿ ನೂರಕ್ಕೆ 10ರಷ್ಟನ್ನು ಹಣವಾಗಿಯೋ ದುಡಿಮೆಯಾಗಿಯೋ ಕೊಡಬೇಕೆಂದೂ ಏರ್ಪಾಡು. ಇತ್ತ, ಬರಿದಾದ ಕೆರೆಗಳನ್ನು ತುಂಬಲು ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರು ಸಂಸ್ಕರಿಸಿದ ಕೊಳಚೆ ನೀರನ್ನು ಚಿಕ್ಕಬಳ್ಳಾಪುರ ಸೀಮೆಯ ಕಡೆಗೆ ಹರಿಸುವ ಯೋಜನೆಯೂ ಆಯಿತು. ಅದು ಕುಡಿಯುವ ನೀರಲ್ಲ, ಅಂತರ್ಜಲವನ್ನು ಹೆಚ್ಚಿಸಲು. ಎರಡು ಹಂತದ ಶುದ್ಧಿ ಸಾಲದು, ಮೂರನೆಯ ಹಂತವೂ ಬೇಕೆಂಬ ಇಲ್ಲಿನ ಜನರ ಬೇಡಿಕೆ ಕಡೆಗಣಿಸತಕ್ಕುದಲ್ಲ.

ಆದ್ದರಿಂದ ನೀರಿನ ಯೋಜನೆಯೊಂದು ಊರಿಗೆ ಬಂದಾಗ ಎಷ್ಟು ಲಕ್ಷ ಮಂಜೂರಾಯಿತೆಂದು ಕೇಳಿ ತೃಪ್ತರಾಗಬಾರದು. ಬೇಸಗೆಯಲ್ಲಿ ನೀರೆಲ್ಲಿಂದ? ವಿದ್ಯುತ್ತಿನ ಬಿಲ್ಲು ಯಾರದು? ನೀರಿನ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ನೀರು ನಿಂತರೆ ಯಾರ ಹಣ ನಿಲ್ಲುತ್ತದೆ? ಈ ಕೊನೆಯ ಪ್ರಶ್ನೆಗೆ ಕರಾರಿನಲ್ಲಿ ಉತ್ತರವಿಲ್ಲದಿದ್ದರೆ, ನೀರು ನಿಂತ ದಿನ ನಷ್ಟ ತಗಲುವುದು ಬಿಂದಿಗೆ ಹೊರುವ ಹೆಣ್ಣುಮಕ್ಕಳಿಗೆ ಮಾತ್ರ.