ಕೊನೆಯ ಅಂಕಿಯ ತಕರಾರು

ಗಣಿತದ ಸಾಫ್ಟ್‌ವೇರ್ ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಮದುವೆಮನೆಗಳಲ್ಲಿ ಯಾರಾದರೂ ‘ಏನಮ್ಮಾ ಕೆಲಸ?’ ಅಂದರೆ, ‘ಸೈನ್, ಕಾಸ್, ಲಾಗ್ ಸರಿಯಾಗಿ ಬರುತ್ತವೋ ಇಲ್ಲವೋ ನೋಡುತ್ತೇನೆ’ ಅನ್ನುತ್ತೇನೆ. ‘ಅದು ಕ್ಯಾಲ್ಕುಲೇಟರಲ್ಲೇ ಬರುತ್ತಲ್ಲ!’ ಅನ್ನುತ್ತಾರೆ. ಬರುತ್ತದೆ, ನಿಜ. ಆದರೆ ಒಂದೇ ಲೆಕ್ಕವನ್ನು ಎರಡು ಕಂಪ್ಯೂಟರಿಗೆ ಕೊಟ್ಟರೆ ಕೆಲವೊಮ್ಮೆ ಕೊನೆಯ ಅಂಕಿ ಬೇರೆ ಬರುತ್ತದೆ. ಎರಡೂ ಕೆಟ್ಟಿರುವುದಿಲ್ಲ.

ಹದಿನಾರನೆಯ ಅಂಕಿ ಒಂದು ಹೆಚ್ಚೋ ಕಡಿಮೆಯೋ ಆದರೆ ಯಾರ ಗಂಟು ಹೋಯಿತು? ಜಿನೀವಾದ ಸರ್ನ್ ಪ್ರಯೋಗಾಲಯದವರದು ಹೋಗಿತ್ತು. ಅವರ ಎಲ್‌ಎಚ್‌ಸಿ ಯಂತ್ರದ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳು ಲಕ್ಷಗಟ್ಟಲೆ ಸುತ್ತು ಹೊಡೆದ ಮೇಲೂ ದಾರಿ ತಪ್ಪದೆ ಉಳಿಯುತ್ತವೆಯೇ ಎಂದು ಮೊದಲೇ ಲೆಕ್ಕ ಹಾಕಬೇಕಿತ್ತು. ಲೆಕ್ಕ ದೊಡ್ಡದು. ಅದಕ್ಕೇ 2004ರಲ್ಲಿ ‘ಎಲ್‌ಎಚ್‌ಸಿ ಅಟ್ ಹೋಮ್’ ಎಂಬ ಯೋಜನೆ ಶುರುಮಾಡಿ, ಜನಸಾಮಾನ್ಯರ ಮನೆಯ ಕಂಪ್ಯೂಟರುಗಳು ಬಿಡುವಾಗಿರುವಾಗ ಅವುಗಳಿಗೆ ಕೆಲಸ ಹಂಚಿದರು. ಯಾರದೋ ಮನೆಯ ಯಂತ್ರವನ್ನು ನಂಬುವುದು ಹೇಗೆ? ಒಂದೇ ಲೆಕ್ಕವನ್ನು ಎರಡು ಕಡೆ ಮಾಡಿಸಿ ತಾಳೆ ನೋಡುವುದು. ತಾಳೆಯಾಗಲಿಲ್ಲ. ಪ್ರೊಸೆಸರ್ ಬೇರೆ, ಆಪರೇಟಿಂಗ್ ಸಿಸ್ಟಮ್ ಬೇರೆ, ಅವುಗಳ ಗಣಿತದ ಲೈಬ್ರರಿಯೂ ಬೇರೆ. ಮೊದಲ ಸುತ್ತುಗಳಲ್ಲಿ ಕಣ್ಣಿಗೇ ಬೀಳದ ವ್ಯತ್ಯಾಸ ಸುತ್ತಿನಿಂದ ಸುತ್ತಿಗೆ ಬೆಳೆದು, ಒಂದು ಯಂತ್ರದಲ್ಲಿ ಉಳಿದ ಕಣ ಇನ್ನೊಂದರಲ್ಲಿ ಗೋಡೆಗೆ ಬಡಿಯಬಹುದಿತ್ತು. ಕೊನೆಗೆ ಅವರು ಫ್ರಾನ್ಸಿನ ಲಿಯೋನ್ ನಗರದಲ್ಲಿ ತಯಾರಾದ ‘ಸಿಆರ್‌ಲಿಬ್‌ಎಂ’ ಎಂಬ ಲೈಬ್ರರಿಯ ಮೊರೆಹೋದರು. ಅದು ಕೊಡುವುದು ಸರಿಯಾಗಿ ರೌಂಡ್ ಆದ ಉತ್ತರ, ಅಂದರೆ ಕಂಪ್ಯೂಟರ್ ಬರೆಯಬಲ್ಲ ಸಂಖ್ಯೆಗಳಲ್ಲಿ ನಿಜವಾದ ಬೆಲೆಗೆ ಅತಿ ಹತ್ತಿರದ್ದು. ಅಂಥ ಉತ್ತರ ಯಾವುದೇ ಲೆಕ್ಕಕ್ಕೆ ಒಂದೇ ಇರುತ್ತದೆ. ಎಲ್ಲರೂ ಅದನ್ನೇ ಕೊಟ್ಟರೆ ತಕರಾರಿಲ್ಲ.

ಹಾಗಿದ್ದರೆ ಮೊದಲಿನಿಂದಲೇ ಎಲ್ಲರೂ ಹಾಗೆ ಮಾಡಲಿಲ್ಲವೇಕೆ? 1985ರ ಐಇಇಇ 754 ಮಾನದಂಡ ಕೂಡು, ಕಳೆ, ಗುಣಿಸು, ಭಾಗಿಸು, ವರ್ಗಮೂಲ ಇಷ್ಟಕ್ಕೆ ಸರಿಯಾದ ರೌಂಡಿಂಗ್ ಕಡ್ಡಾಯ ಮಾಡಿತು. ಸೈನ್, ಲಾಗ್, ಘಾತಗಳನ್ನು ಬಿಟ್ಟುಬಿಟ್ಟಿತು. ಸೋಮಾರಿತನದಿಂದಲ್ಲ.

ಇ ಎಂಬ ಸಂಖ್ಯೆಯ 1.626ನೇ ಘಾತವನ್ನು ನಾಲ್ಕು ಅಂಕಿಗೆ ರೌಂಡ್ ಮಾಡಿ ನೋಡಿ. ಲೆಕ್ಕ ಹಾಕಿದರೆ 5.0835 ಬರುತ್ತದೆ. 5.083 ಬರೆಯುವುದೋ 5.084 ಬರೆಯುವುದೋ? ಸರಿಯಾಗಿ ನಡುವೆ ನಿಂತಿದೆ. ಇನ್ನಷ್ಟು ಅಂಕಿ ತೆಗೆದರೆ 5.083500. ಎಂಟು ದಶಮಾಂಶ ಸ್ಥಾನಕ್ಕೆ ಹೋದರೂ 5.08350000. ಒಂಬತ್ತನೆಯದಕ್ಕೆ ಹೋದಾಗ ಮಾತ್ರ ಬಣ್ಣ ಬಯಲು: 5.083499996. ಅಂದರೆ ಉತ್ತರ 5.083. ನಾಲ್ಕು ಅಂಕಿಯ ಉತ್ತರಕ್ಕೆ ಹತ್ತು ಅಂಕಿಯ ದುಡಿಮೆ! ಎಷ್ಟು ಅಂಕಿ ತೆಗೆದರೆ ಸಾಕು ಎಂಬುದು ಮುಂಚೆ ಗೊತ್ತಾಗುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ವಿಲಿಯಂ ಕಹಾನ್ ಇದನ್ನು ಕೋಷ್ಟಕ ಮಾಡುವವನ ಇಕ್ಕಟ್ಟು ಎಂದು ಕರೆದರು. ಕೋಷ್ಟಕ ಮಾಡುವವರ ಪಾಡು ಹಳೆಯದೇ. ಆರ್ಯಭಟನ ಜ್ಯಾ ಕೋಷ್ಟಕದಲ್ಲಿ ಇಪ್ಪತ್ತೆರಡೂವರೆ ಡಿಗ್ರಿಗೆ 1315 ಎಂದಿದೆ. ಅವನ 3438ರ ತ್ರಿಜ್ಯಕ್ಕೆ ನಿಜವಾದ ಬೆಲೆ 1315.67ರ ಆಸುಪಾಸು, ಹತ್ತಿರದ ಪೂರ್ಣಾಂಕ 1316. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಕೈಲೆಕ್ಕದಲ್ಲಿ ಮಾಡಿದ್ದನ್ನು ಇಷ್ಟು ಸಣ್ಣದಕ್ಕೆ ಹಿಡಿಯುವುದು ವೃತ್ತಿಯ ಕೆಟ್ಟ ಚಾಳಿ, ಬಿಡಿ.

ಐಬಿಎಮ್ಮಿನ ಅಬ್ರಹಾಂ ಜೀವ್ 1991ರಲ್ಲಿ ಕೊಟ್ಟ ಉಪಾಯ ನೇರವಾದದ್ದು. ಸ್ವಲ್ಪ ಹೆಚ್ಚು ಅಂಕಿಯಲ್ಲಿ ಲೆಕ್ಕ ಮಾಡು. ತಪ್ಪಿನ ಅವಕಾಶವನ್ನು ಸೇರಿಸಿಕೊಂಡರೂ ಉತ್ತರ ನಡುಗೆರೆಯ ಒಂದೇ ಬದಿಗೆ ಬಿದ್ದರೆ ಮುಗಿಯಿತು. ಇಲ್ಲವಾದರೆ ಇನ್ನೂ ಹೆಚ್ಚು ಅಂಕಿಯಲ್ಲಿ ಮತ್ತೆ ಮಾಡು. ಅವರ ಲೈಬ್ರರಿ ಕಡುಕಷ್ಟದ ಸಂದರ್ಭದಲ್ಲಿ 768 ಬಿಟ್‌ವರೆಗೆ (ಬಿಟ್ ಎಂದರೆ ಕಂಪ್ಯೂಟರಿನ ಸೊನ್ನೆ-ಒಂದರ ಅಂಕಿ) ಹೋಗುತ್ತಿತ್ತು. ಅದು ಲಿನಕ್ಸಿನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಲ್ಲೂ ಇತ್ತು. ಎಲ್ಲ ಸರಾಗವಾಗಿ ಓಡುತ್ತಿರುವಾಗ ಎಲ್ಲೋ ಒಂದು ಸಂಖ್ಯೆಗೆ ಪ್ರೋಗ್ರಾಂ ಮುಗ್ಗರಿಸಿದಂತೆ ನಿಧಾನವಾಗುತ್ತಿತ್ತು. ಬೇಸತ್ತ ನಿರ್ವಾಹಕರು 2018ರಿಂದ ಆ ನಿಧಾನದ ದಾರಿಗಳನ್ನು ಕಿತ್ತುಹಾಕತೊಡಗಿದರು. ವೇಗ ಬಂತು, ಖಾತರಿ ಹೋಯಿತು.

ಲಿಯೋನಿನಲ್ಲಿ ವಿನ್ಸೆಂಟ್ ಲೆಫೆವ್ರ್ ಮತ್ತು ಜಾನ್-ಮಿಶೆಲ್ ಮುಲ್ಲರ್ ಬೇರೆಯದೇ ಹಾದಿ ಹಿಡಿದಿದ್ದರು. ಎಷ್ಟು ಅಂಕಿ ಬೇಕಾದೀತೋ ಎಂದು ಹೆದರುವ ಬದಲು, ಅತಿ ಕಷ್ಟದ ಸಂಖ್ಯೆಗಳನ್ನೇ ಹುಡುಕಿ ತೆಗೆಯೋಣ ಎಂದರು. ಹುಡುಕಿದಾಗ ಮುಖ್ಯ ಫಲನಗಳಿಗೆ 120 ಬಿಟ್ ಆಸುಪಾಸು ಸಾಕು ಎಂದಾಯಿತು. ಸಿಆರ್‌ಲಿಬ್‌ಎಂ ನಿಂತಿದ್ದು ಈ ತಳಹದಿಯ ಮೇಲೆ.

ನನಗೆ ಅತಿ ಇಷ್ಟವಾದ ತಿರುವು ಇತ್ತೀಚಿನದು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಂತೋಷ್ ನಾಗರಕಟ್ಟೆ (ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪೈಲರ್ ಮೇಲೆ ಕೆಲಸ ಮಾಡಿದವರು) ಮತ್ತು ಜೇ ಲಿಮ್ ಪ್ರಶ್ನೆಯನ್ನೇ ಬದಲಿಸಿದರು. ಅಲ್ಲಿಯವರೆಗೆ ಎಲ್ಲರೂ ನಿಜವಾದ ಬೆಲೆಗೆ ಆದಷ್ಟು ಹತ್ತಿರ ಹೋಗುವ ಬಹುಪದೋಕ್ತಿ ಹುಡುಕುತ್ತಿದ್ದರು. ಇವರು ಕೇಳಿದ್ದು: ಹತ್ತಿರ ಹೋಗುವುದೇಕೆ? ರೌಂಡ್ ಮಾಡಿದ ಮೇಲೆ ಸರಿ ಬಂದರೆ ಸಾಲದೇ? ಪ್ರತಿ ಇನ್‌ಪುಟ್ಟಿಗೂ, ರೌಂಡ್ ಆದಾಗ ಸರಿಯುತ್ತರ ಕೊಡುವ ಸಂಖ್ಯೆಗಳ ಒಂದು ಅಂತರ ಇರುತ್ತದೆ. ಬಹುಪದೋಕ್ತಿಯ ಬೆಲೆ ಅದರೊಳಗೆ ಎಲ್ಲಾದರೂ ಬೀಳಲಿ. ಇಂಥ ಒಂದೊಂದು ಅಂತರವೂ ಗುಣಕಗಳ ಮೇಲಿನ ಒಂದು ಅಸಮತೆ. ಅಷ್ಟನ್ನೂ ಬಿಡಿಸುವುದು ನಮ್ಮ ಮಕ್ಕಳು ದ್ವಿತೀಯ ಪಿಯುಸಿಯಲ್ಲಿ ಓದುವ ಲೀನಿಯರ್ ಪ್ರೋಗ್ರಾಮಿಂಗ್! ಹೀಗೆ ಹುಟ್ಟಿದ ಅವರ ಲೈಬ್ರರಿ ಆರ್‌ಲಿಬ್‌ಎಂ ಸರಿಯೂ ಹೌದು, ವೇಗವೂ ಹೌದು. ಮೂವತ್ತೆರಡು ಬಿಟ್‌ನ ಇನ್‌ಪುಟ್‌ಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296. ಕೇಳಲು ಭಾರೀ ಎನಿಸಿದರೂ ಇಂದಿನ ಯಂತ್ರ ಒಂದನ್ನೂ ಬಿಡದೆ ಪರೀಕ್ಷಿಸಬಲ್ಲದು. ಪರೀಕ್ಷಕಿಗೆ ಇದಕ್ಕಿಂತ ಭಾಗ್ಯವಿಲ್ಲ; ‘ಇಷ್ಟರಲ್ಲಿ ತಪ್ಪು ಸಿಗಲಿಲ್ಲ’ ಅನ್ನುವ ಬದಲು ‘ತಪ್ಪಿಲ್ಲ’ ಎಂದೇ ಸಹಿ ಹಾಕಬಹುದು.

ಫ್ರಾನ್ಸಿನ ನ್ಯಾನ್ಸಿಯಲ್ಲಿ ಪಾಲ್ ಜಿಮ್ಮರ್‌ಮನ್ ಮತ್ತು ಸಂಗಡಿಗರು ‘ಕೋರ್-ಮ್ಯಾತ್’ ಎಂದು ಇದೇ ಕೆಲಸ ಮಾಡುತ್ತಿದ್ದಾರೆ. ಯಾರು ಬೇಕಾದರೂ ಎತ್ತಿಕೊಳ್ಳಲಿ ಎಂದು ಮುಕ್ತವಾಗಿಯೇ ಬಿಟ್ಟಿದ್ದಾರೆ. 2025ರ ಜನವರಿಯಲ್ಲಿ ಬಂದ ಜಿಲಿಬ್‌ಸಿ 2.41 ಅವರ ಮೂವತ್ತೆರಡು ಬಿಟ್‌ನ ಹಲವು ಫಲನಗಳನ್ನು ಎತ್ತಿಕೊಂಡಿತು.

ಅರವತ್ನಾಲ್ಕು ಬಿಟ್‌ನ ಕಥೆ ಬೇರೆ. ಒಂದು ಸಂಖ್ಯೆಯ ಮೇಲೆ ಇನ್ನೊಂದರ ಘಾತ ಹಾಕುವ ಪವ್ ಫಲನಕ್ಕೆ ಇನ್‌ಪುಟ್ ಎರಡು. ಜೋಡಿಗಳೆಷ್ಟೆಂದು ಬರೆಯಲು ಮೂವತ್ತೊಂಬತ್ತು ಅಂಕಿ ಬೇಕು. ಒಂದೊಂದಾಗಿ ನೋಡುವ ಮಾತೇ ಇಲ್ಲ, ಅಲ್ಲಿ ಪ್ರಮೇಯವೇ ಗತಿ. ಇತ್ತ ಸಿ ಭಾಷೆಯ ಹೊಸ ಮಾನದಂಡ ಸಿ23, ಸರಿಯಾಗಿ ರೌಂಡ್ ಆದ ಫಲನಗಳಿಗೆಂದು ‘ಸಿಆರ್’ ಎಂದು ಶುರುವಾಗುವ ಹೆಸರುಗಳನ್ನು ಕಾದಿರಿಸಿದೆ. ಕೊಡಲೇಬೇಕು ಎಂದು ಮಾತ್ರ ಹೇಳಿಲ್ಲ. ಹೇಳುವವರೆಗೂ ನನ್ನ ಪರೀಕ್ಷೆಯ ಪಟ್ಟಿಯಲ್ಲಿ ಕೆಲವು ಸಾಲುಗಳಿಗೆ ಎರಡೆರಡು ಉತ್ತರ ಇರುತ್ತವೆ, ಎರಡಕ್ಕೂ ‘ಪಾಸ್’ ಎಂದು ಬರೆಯುತ್ತಿರುತ್ತೇನೆ.